ಹಾಜರಿ ಪುಸ್ತಕದಿಂದ ಕಲ್ಯಾಣ ಇಲಾಖೆಗೆ

ಘಟಪ್ರಭೆಯ ದಂಡೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಸಂಸ್ಥೆಗಳ ಇತಿಹಾಸ ಬರೆಯಹೊರಟವರಿಗೆ ವಸ್ತುವಿಗೇನೂ ಬರವಿಲ್ಲ. ಜಲಪಾತದ ನೀರಿನ ಬಲದಿಂದ 1887ರಲ್ಲಿ ನಡೆಯತೊಡಗಿದ ಗೋಕಾಕ ಗಿರಣಿ, ಧುಪದಾಳದ ಒಡ್ಡು, 1929ರಲ್ಲಿ ಆರಂಭವಾದ ಘಟಪ್ರಭೆಯ ಆರೋಗ್ಯಧಾಮ, 1969ರಲ್ಲಿ ಹುಟ್ಟಿದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘ, ಇವೆಲ್ಲ ಈ ಸೀಮೆ ಹೆಮ್ಮೆಯಿಂದ ಹೇಳಿಕೊಳ್ಳುವ ಕಥೆಗಳು. ಸ್ಮರಣ ಸಂಚಿಕೆಗಳು ಸಹಜವಾಗಿಯೇ ಇಂಥವನ್ನು ಎತ್ತಿಕೊಳ್ಳುತ್ತವೆ. ಆದರೆ ಮುಂಬಯಿ ಕರ್ನಾಟಕದ ಎಷ್ಟೋ ಬಡ ಸಮುದಾಯಗಳ ಬದುಕನ್ನು ದಶಕಗಳ ಕಾಲ ತನ್ನ ಹಿಡಿತದಲ್ಲಿಟ್ಟುಕೊಂಡಿದ್ದ ಒಂದು ಸರಕಾರಿ ಇಲಾಖೆ ಇಂಥ ಸಂಚಿಕೆಗಳ ಪುಟಗಳಲ್ಲಿ ಸಿಗುವುದಿಲ್ಲ. ಅದು ಮುಂಬಯಿ ಸರಕಾರದ ಅಪರಾಧಿ ಬುಡಕಟ್ಟುಗಳ ಸೆಟ್ಲಮೆಂಟ್ ಇಲಾಖೆ. ಹುಬ್ಬಳ್ಳಿ, ಗದಗಗಳಲ್ಲಿ ಇಂದಿಗೂ ಜನ ಸೆಟ್ಲಮೆಂಟ್ ಎಂದೇ ಕರೆಯುವ ಓಣಿಗಳಿವೆ. ಆ ಹೆಸರಿನ ಹಿಂದಿರುವ ಕಚೇರಿಯ ಚರಿತ್ರೆ ಮಾತ್ರ ಮರೆಗೆ ಸರಿದಿದೆ. ಈ ಲೇಖನ ಆ ಚರಿತ್ರೆಯನ್ನು ಹೇಳುತ್ತಲೇ ಒಂದು ವಾದವನ್ನೂ ಮುಂದಿಡುತ್ತದೆ. ನಮ್ಮ ಭಾಗದಲ್ಲಿ ಬಡವರಿಗಾಗಿಯೇ ಎಂದು ಸರಕಾರ ಕಟ್ಟಿದ ಮೊದಲ ಆಡಳಿತ ವ್ಯವಸ್ಥೆಗಳಲ್ಲಿ ಒಂದು ಕಾವಲಿನ ವ್ಯವಸ್ಥೆಯಾಗಿಯೇ ಹುಟ್ಟಿತು. ಇಂದಿನ ಕಲ್ಯಾಣ ಇಲಾಖೆಗಳ ಒಂದು ಬೇರು ಅಲ್ಲಿದೆ. ಕಾವಲು ಯಾವುದು, ಕಾಳಜಿ ಯಾವುದು ಎಂದು ಬಿಡಿಸಿ ನೋಡಲು ಒಂದೇ ಪ್ರಶ್ನೆ ಸಾಕು: ಒಳಗಿದ್ದ ಮನುಷ್ಯ ತನ್ನಿಷ್ಟದಂತೆ ಹೊರಗೆ ಹೋಗಬಹುದಿತ್ತೇ?

ಈ ಇಲಾಖೆಯ ಕಥೆ ಅದು ಸ್ಥಾಪನೆಯಾದ ದಿನದಿಂದ ಶುರುವಾಗುವುದಿಲ್ಲ. ಬೆಳಗಾವಿ ಸೀಮೆಯ ಬೇಡರು, ಮರಾಠಿ ಹಾಗೂ ಸರಕಾರಿ ಕಾಗದಗಳಲ್ಲಿ ಬೇರಡರು, ಊರ ಕಾವಲಿಗೆ ಹೆಸರಾದವರು. ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಭೂಮಿಯನ್ನು ಪ್ರತಿಫಲವಾಗಿ ಪಡೆದು ಕಾವಲು, ಸಿಪಾಯಿಗಿರಿ ಮಾಡುತ್ತಿದ್ದ ಶೇತಸನದಿಗಳ ಪದ್ಧತಿಯೇ ಇತ್ತು. ಸಂಗೊಳ್ಳಿ ರಾಯಣ್ಣನೂ ಒಬ್ಬ ಶೇತಸನದಿ. ಕಂಪನಿ ಸರಕಾರ ಇನಾಮು ಭೂಮಿಗಳ ವಿಚಾರಣೆ ನಡೆಸಿ, ಊರ ಕಾವಲನ್ನು ಪೊಲೀಸು ಖಾತೆಗೆ ವಹಿಸಿಕೊಂಡಂತೆ ಇಂಥ ಮನೆತನಗಳ ಗೌರವವೂ ಅನ್ನವೂ ಒಟ್ಟಿಗೇ ಕುಸಿದವು. ಮೂಡಲಗಿಗೆ ಹತ್ತಿರದ ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿ ಹೋರಾಡಿ, ಗಲ್ಲಿಗೇರಿದ್ದು ಕನ್ನಡಿಗರೆಲ್ಲ ಲಾವಣಿಯ ಮೂಲಕ ಬಲ್ಲ ಸಂಗತಿ. ಆ ಜಗಳ ಕಳ್ಳತನಕ್ಕೆ ಸಂಬಂಧಿಸಿದ್ದಲ್ಲ, ಆಯುಧ ಯಾರ ಕೈಯಲ್ಲಿರಬೇಕು ಎಂಬ ಅಧಿಕಾರಕ್ಕೆ ಸಂಬಂಧಿಸಿದ್ದು. ಇತ್ತ ಎತ್ತು, ಕತ್ತೆಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರು ತಿರುಗುತ್ತಿದ್ದ ಲಂಬಾಣಿ, ಕೊರಮರ ವ್ಯಾಪಾರವನ್ನು ಉಪ್ಪಿನ ಸುಂಕವೂ 1880ರ ದಶಕದಲ್ಲಿ ಬಂದ ಸದರ್ನ್ ಮರಾಠಾ ರೈಲ್ವೆಯೂ ನುಂಗಿದವು. 1878ರ ಅರಣ್ಯ ಕಾಯ್ದೆ ಹರಣಶಿಕಾರಿಗಳಂಥ ಬೇಟೆಗಾರರಿಗೆ ಕಾಡಿನ ಬಾಗಿಲು ಮುಚ್ಚಿತು. ಹೀಗೆ ಕಾವಲು, ಹೇರು, ಬೇಟೆ ಎಂಬ ಮೂರು ಬಗೆಯ ಜೀವನೋಪಾಯಗಳು ಒಂದೇ ತಲೆಮಾರಿನ ಆಸುಪಾಸಿನಲ್ಲಿ ಕೈತಪ್ಪಿದವು. ಉದ್ಯೋಗ ಕಳೆದುಕೊಂಡು ಅಲೆಯುತ್ತಿದ್ದವರನ್ನು ಕಂಡ ಸರಕಾರ, ಅವರ ಅಲೆದಾಟಕ್ಕೆ ಕಾರಣವನ್ನು ತನ್ನ ನೀತಿಯಲ್ಲಿ ಹುಡುಕದೆ ಅವರ ಹುಟ್ಟಿನಲ್ಲಿ ಹುಡುಕಿತು.

ಅಂಥ ಹುಡುಕಾಟಕ್ಕೆ ಕಾನೂನಿನ ರೂಪ 1871ರಲ್ಲಿಯೇ ಸಿಕ್ಕಿತ್ತು. ಮೊದಲಿಗೆ ಉತ್ತರ ಭಾರತಕ್ಕಷ್ಟೇ ಅನ್ವಯಿಸುತ್ತಿದ್ದ ಅಪರಾಧಿ ಬುಡಕಟ್ಟುಗಳ ಕಾಯ್ದೆ, 1911ರ ಹೊಸ ರೂಪದಲ್ಲಿ ಮುಂಬಯಿ, ಮದ್ರಾಸುಗಳನ್ನೂ ಒಳಗೊಂಡು ಇಡೀ ಬ್ರಿಟಿಷ್ ಇಂಡಿಯಾಕ್ಕೆ ಹಬ್ಬಿತು. 1924ರಲ್ಲಿ ಅದನ್ನು ಮತ್ತೆ ಕ್ರೋಡೀಕರಿಸಲಾಯಿತು. ಈ ಕಾಯ್ದೆಯ ಬಿಗಿ ಎಂಥದೆಂದು ತಿಳಿಯಲು ಅದರ ಕಲಮುಗಳನ್ನು ಹತ್ತಿರದಿಂದ ನೋಡಬೇಕು. ಯಾವುದೇ ಬುಡಕಟ್ಟನ್ನು, ಗುಂಪನ್ನು ಅಪರಾಧಿ ಎಂದು ಪ್ರಾಂತೀಯ ಸರಕಾರ ಪ್ರಕಟಣೆ ಹೊರಡಿಸಬಹುದಿತ್ತು. ಆ ಪ್ರಕಟಣೆ ಸರಿಯೇ ತಪ್ಪೇ ಎಂದು ಯಾವ ಕೋರ್ಟೂ ಕೇಳುವಂತಿರಲಿಲ್ಲ. ಪಟ್ಟಿಗೆ ಸೇರಿದವರ ಬೆರಳಚ್ಚು ತೆಗೆದುಕೊಳ್ಳಲಾಗುತ್ತಿತ್ತು. ಗೊತ್ತುಪಡಿಸಿದ ಹೊತ್ತಿಗೆ ಅವರು ಹಾಜರಿ ಕೊಡಬೇಕಿತ್ತು, ಇಲ್ಲವೇ ತಾವಿರುವ ಊರು, ಹೋಗುವ ಊರು, ಮರಳುವ ದಿನ ತಿಳಿಸಬೇಕಿತ್ತು. ನಿಗದಿಯಾದ ಎಲ್ಲೆಯಾಚೆ ಚೀಟಿಯಿಲ್ಲದೆ ಸಿಕ್ಕವನನ್ನು ವಾರಂಟಿಲ್ಲದೆ ಹಿಡಿಯುವ ಅಧಿಕಾರ ಪೊಲೀಸರಿಗಷ್ಟೇ ಅಲ್ಲ, ಊರ ಗೌಡನಿಗೂ ವಾಲೀಕಾರನಿಗೂ ಇತ್ತು. ಕಾಯ್ದೆಯ ಪಟ್ಟಿಯಲ್ಲಿದ್ದ ಅಪರಾಧಗಳಿಗೆ ಎರಡನೆಯ ಸಲ ಶಿಕ್ಷೆಯಾದರೆ ಕನಿಷ್ಠ 7 ವರ್ಷ ಸೆರೆವಾಸ, ಮೂರನೆಯ ಸಲವಾದರೆ ಜೀವಾವಧಿ ಗಡೀಪಾರು. ನ್ಯಾಯಾಧೀಶರು ವಿಶೇಷ ಕಾರಣ ಬರೆದಿಟ್ಟರೆ ಮಾತ್ರ ವಿನಾಯಿತಿ. 6 ವರ್ಷ ದಾಟಿದ, 18 ತುಂಬದ ಮಕ್ಕಳನ್ನು ತಾಯಿತಂದೆಯರಿಂದ ಬೇರ್ಪಡಿಸಿ ಉದ್ಯೋಗ ಶಾಲೆ, ಸುಧಾರಣಾ ಶಾಲೆಗಳಲ್ಲಿ ಇಡಲೂ ಅವಕಾಶವಿತ್ತು. ತಾನು ಮಾಡಿದ್ದಕ್ಕೆ ಒಬ್ಬ ಮನುಷ್ಯ ಉತ್ತರ ಕೊಡಬೇಕೆಂಬುದು ಬ್ರಿಟಿಷರೇ ಮೆರೆಸುತ್ತಿದ್ದ ನ್ಯಾಯದ ತಳಹದಿ. ಈ ಕಾಯ್ದೆಯಲ್ಲಿ ಮಗು ತನ್ನ ಅಜ್ಜನ ಹೆಸರಿಗೆ ಉತ್ತರ ಕೊಡಬೇಕಾಯಿತು.

ಕಾಯ್ದೆಯನ್ನು ನಡೆಸುವವರು ಮೊದಲು ಪೊಲೀಸರೇ ಆಗಿದ್ದರು. ಮುಂಬಯಿ ಪ್ರಾಂತದ ವಿಶೇಷವೆಂದರೆ, ಸೆಟ್ಲಮೆಂಟುಗಳಿಗಾಗಿ ಅಲ್ಲಿ ಬೇರೆಯೇ ಆಡಳಿತ ಬೆಳೆದದ್ದು, ಮತ್ತು ಅದರ ಬೇರು ಕನ್ನಡದ ನೆಲದಲ್ಲೇ ಇದ್ದದ್ದು. ವಿಜಾಪುರದಲ್ಲಿ ನೆಲೆಯೂರಿದ ಪ್ರಯೋಗವೇ ಮಾದರಿಯಾಗಿ ಹುಬ್ಬಳ್ಳಿ, ಗದಗ, ಬಾಗಲಕೋಟೆ, ಖಾನಾಪುರ, ಸೊಲ್ಲಾಪುರಗಳಿಗೆ ಹರಡಿತು. ಇದರ ಹಿಂದಿದ್ದವರು ಐಸಿಎಸ್ ಅಧಿಕಾರಿ ಓ.ಎಚ್.ಬಿ. ಸ್ಟಾರ್ಟ್. ಅಪರಾಧಿ ಬುಡಕಟ್ಟುಗಳ ಸೆಟ್ಲಮೆಂಟ್ ಅಧಿಕಾರಿ ಎಂಬ ಹುದ್ದೆಯಲ್ಲಿ ಅವರು ವರ್ಷಗಟ್ಟಲೆ ದುಡಿದರು. ಬರೀ ಕಾವಲಿಟ್ಟರೆ ಜನ ಬದಲಾಗುವುದಿಲ್ಲ, ಕೂಲಿ, ಶಾಲೆ, ಮನೆ ಬೇಕು ಎಂಬುದು ಅವರ ನಂಬಿಕೆ. ಅದಕ್ಕಾಗಿಯೇ ಸೆಟ್ಲಮೆಂಟುಗಳು ಗಿರಣಿ, ರೈಲ್ವೆ, ಕಲ್ಲಿನ ಗಣಿ, ಕಾಲುವೆ ಕಾಮಗಾರಿ, ಕಾಡಿನ ಕೆಲಸ ಇದ್ದ ಕಡೆಗಳಲ್ಲೇ ಎದ್ದವು. ಹುಬ್ಬಳ್ಳಿಯಲ್ಲಿ ಗಿರಣಿಯೂ ರೈಲ್ವೆ ಕಾರ್ಖಾನೆಯೂ ಇದ್ದವು. ಸೊಲ್ಲಾಪುರ ಗಿರಣಿಗಳ ಊರೇ ಆಗಿತ್ತು. ಘಟಪ್ರಭೆ ಧುಮುಕುವ ಗೋಕಾಕ ಫಾಲ್ಸ್‌ನ ಗಿರಣಿಯ ಬಳಿಯಲ್ಲೂ ಇಲಾಖೆಯ ಒಂದು ವಸಾಹತು ನಡೆಯಿತು. ಕೆಲವೆಡೆ ಆಡಳಿತವನ್ನು ಕ್ರೈಸ್ತ ಮಿಷನ್‌ಗಳಿಗೆ ವಹಿಸಲಾಯಿತು. ಗಂಟಿಚೋರರು, ಕೊರವರು, ಹರಣಶಿಕಾರಿಗಳು, ಛಪ್ಪರಬಂದರು, ಕಂಜಾರಭಾಟರು, ಕೈಕಾಡಿಗಳು ಎಂದು ಬೇರೆ ಬೇರೆ ಭಾಷೆ, ದೇವರು, ಕಸುಬುಗಳ ಜನ ಒಂದೇ ಆವರಣದೊಳಗೆ ಬಂದು ಬಿದ್ದರು.

ಆ ಆವರಣದ ದಿನಚರಿಯಲ್ಲಿ ಇಲಾಖೆಯ ಎರಡು ಮುಖಗಳೂ ಒಟ್ಟಿಗೇ ಕಾಣುತ್ತವೆ. ದುಡಿಯುವ ಗಂಡಸರು ಹೆಂಗಸರು ಗಿರಣಿಗೋ ಕಾಮಗಾರಿಗೋ ಹೋಗುತ್ತಿದ್ದರು, ಅಲ್ಲಿ ಕೂಲಿ ಸಿಗುತ್ತಿತ್ತು. ಮಕ್ಕಳು ಶಾಲೆಗೆ ಹೋಗಲೇಬೇಕಿತ್ತು. ಕೈಕಸುಬು ಕಲಿಸುವ ವ್ಯವಸ್ಥೆಯಿತ್ತು. ಇದೆಲ್ಲದರ ನಡುವೆ ಹಾಜರಿಯ ಹೊತ್ತು ಬರುತ್ತಿತ್ತು. ಹೆಸರು ಕೂಗಿದಾಗ ಓಗೊಡಬೇಕು. ಓಗೊಡದವರ ಹೆಸರು ಪೊಲೀಸರ ಕೈ ಸೇರಬೇಕು. ಪಕ್ಕದ ಊರಿನ ಸಂತೆಗೆ, ತವರಿನ ಮದುವೆಗೆ, ಸತ್ತವರ ಮಣ್ಣಿಗೆ ಹೋಗಬೇಕಾದರೂ ಮೊದಲು ಚೀಟಿ ಬೇಕು. ಅದರಲ್ಲಿ ಬರೆದ ಊರಿಗೇ ಹೋಗಬೇಕು, ಬರೆದ ಹೊತ್ತಿಗೇ ಮರಳಬೇಕು. ನಡತೆ ಚೆನ್ನಾಗಿದ್ದರೆ ಹಾಜರಿಯ ಬಿಗಿ ಸಡಿಲವಾಗುತ್ತಿತ್ತು, ವರ್ಷಗಳ ನಂತರ ಸೆಟ್ಲಮೆಂಟಿನಿಂದ ಬಿಡುಗಡೆಯೂ ಸಿಗಬಹುದಿತ್ತು. ಆ ನಡತೆ ಎಂಥದೆಂದು ತೀರ್ಮಾನಿಸುವವರು ಮಾತ್ರ ಆವರಣದ ಅಧಿಕಾರಿಗಳೇ. ಅಂದರೆ ಶಾಲೆ, ಕೂಲಿ, ಮನೆ ಎಂಬ ಮೂರು ಒಳ್ಳೆಯ ಸಂಗತಿಗಳು ಸ್ವಾತಂತ್ರ್ಯ ಎಂಬ ನಾಲ್ಕನೆಯದರ ಬದಲಿಗೆ ಬಂದಿದ್ದವು. ಗಿರಣಿಯ ಮಾಲಕರಿಗೂ ಇದರಿಂದ ಲಾಭವೇ ಆಯಿತು. ಕೆಲಸ ಬಿಟ್ಟು ಬೇರೆ ಊರಿಗೆ ಹೋಗಲಾರದ ಕೂಲಿಯವನು ಸಂಬಳಕ್ಕಾಗಿ ಚೌಕಾಶಿ ಮಾಡಲಾರ. ಮುಷ್ಕರಕ್ಕಿಳಿದರೆ ಸಂಬಳದ ಜೊತೆಗೆ ನಡತೆಯ ಹೆಸರನ್ನೂ ಕಳೆದುಕೊಳ್ಳುವ ಭಯ ಅವನಿಗಿತ್ತು.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ. ಅಪರಾಧ ನಡೆಯುತ್ತಿದ್ದದ್ದು ಸುಳ್ಳೇ, ಕನ್ನ ಬಿದ್ದ ಮನೆಯವರು, ದಾರಿಯಲ್ಲಿ ಸುಲಿಗೆಯಾದವರು ಬಡವರೇ ಅಲ್ಲವೇ, ಸರಕಾರ ಕೈಕಟ್ಟಿ ಕೂರಬೇಕಿತ್ತೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ ಇದು. ಈ ಸಮುದಾಯಗಳಲ್ಲಿ ಕಳವನ್ನು ಜೀವನೋಪಾಯ ಮಾಡಿಕೊಂಡವರು ಇದ್ದರು. ಅದನ್ನು ಮುಚ್ಚಿಡುವುದರಿಂದ ಯಾರ ಗೌರವವೂ ಹೆಚ್ಚುವುದಿಲ್ಲ. ಆದರೆ ಕಳ್ಳತನಕ್ಕೆ, ದರೋಡೆಗೆ, ಸುಳ್ಳು ನಾಣ್ಯಕ್ಕೆ ಶಿಕ್ಷೆ ವಿಧಿಸಲು 1860ರ ದಂಡ ಸಂಹಿತೆ ಆಗಲೇ ಇತ್ತು, ಅಪರಾಧ ಸಾಬೀತಾದ ವ್ಯಕ್ತಿಗೆ ಶಿಕ್ಷೆ ಕೊಡಲು ಅದಕ್ಕೆ ಯಾವ ಕೊರತೆಯೂ ಇರಲಿಲ್ಲ. 1871ರ ಕಾಯ್ದೆ ಹೊಸದಾಗಿ ಸೇರಿಸಿದ್ದು ಅಪರಾಧ ಸಾಬೀತಾಗದವರನ್ನೂ ಬಂಧಿಸುವ ಅಧಿಕಾರವನ್ನು. ಅದರ ಪರಿಣಾಮವೂ ತಿರುಗುಬಾಣವಾಯಿತು. ಪಟ್ಟಿಯಲ್ಲಿ ಹೆಸರಿದ್ದವನಿಗೆ ಹೊಲದ ಕೆಲಸ ಕೊಡಲು ರೈತರು ಹಿಂಜರಿದರು, ಊರೊಳಗೆ ಮನೆ ಸಿಗಲಿಲ್ಲ, ಎಲ್ಲೋ ಕಳವಾದರೆ ಫೌಜದಾರರ ಕಣ್ಣು ಮೊದಲು ಅವನ ಗುಡಿಸಲಿನ ಮೇಲೇ ಬಿತ್ತು. ಪ್ರಾಮಾಣಿಕವಾಗಿ ಬಾಳಲು ಬೇಕಾದ ದಾರಿಗಳನ್ನೆಲ್ಲ ಮುಚ್ಚಿದ ಮೇಲೆ, ಮುಚ್ಚದೆ ಉಳಿದ ದಾರಿಯಲ್ಲಿ ಅವನು ನಡೆದದ್ದನ್ನೇ ಅವನ ಹುಟ್ಟುಗುಣಕ್ಕೆ ಸಾಕ್ಷಿ ಎಂದು ಬರೆದುಕೊಳ್ಳಲಾಯಿತು. ಆ ಕಾಯ್ದೆ ತನಗೆ ಬೇಕಾದ ಅಪರಾಧಿಯನ್ನು ತಾನೇ ತಯಾರಿಸಿಕೊಂಡಿತು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಸೆಟ್ಲಮೆಂಟ್ ಇಲಾಖೆ ಇರದಿದ್ದರೆ ಈ ಮಕ್ಕಳಿಗೆ ಅಕ್ಷರ ಕಲಿಸುವವರು ಯಾರಿದ್ದರು, ಸ್ಟಾರ್ಟರಂಥ ಕಳಕಳಿಯ ಅಧಿಕಾರಿಯನ್ನು ದರ್ಪದ ಆಳರಸರ ಸಾಲಿನಲ್ಲಿ ನಿಲ್ಲಿಸುವುದು ತರವೇ ಎಂದು ಕೇಳುವವರಿದ್ದಾರೆ. ಈ ಆಕ್ಷೇಪದ ಅರ್ಧವನ್ನು ಒಪ್ಪಲೇಬೇಕು. ಊರಿನ ಶಾಲೆಗಳು ಈ ಮಕ್ಕಳನ್ನು ಹೊರಗಿಟ್ಟಿದ್ದ ಕಾಲದಲ್ಲಿ ಸೆಟ್ಲಮೆಂಟ್ ಶಾಲೆ ಅವರನ್ನು ಒಳಗೆ ಕೂರಿಸಿತು. ಅಲ್ಲಿ ಓದಿದವರ ಮನೆಗಳಿಂದ ಮುಂದೆ ಶಿಕ್ಷಕರು, ರೈಲ್ವೆ ನೌಕರರು, ಸಂಘಟಕರು ಬಂದರು. ಊರ ಜಾತಿ ವ್ಯವಸ್ಥೆ ಇವರ ಪಾಲಿಗೆ ಸರಕಾರದಷ್ಟೇ ಕಠಿಣವಾಗಿತ್ತು ಎಂಬುದೂ ನಿಜ. ಸ್ಟಾರ್ಟರ ಪ್ರಾಮಾಣಿಕತೆಯನ್ನು ಅನುಮಾನಿಸಲು ಕಾರಣವಿಲ್ಲ. ಆದರೆ ಸಂಸ್ಥೆಯ ಗುಣವನ್ನು ಅದರ ಒಳ್ಳೆಯ ಅಧಿಕಾರಿಯಿಂದ ಅಳೆಯಲಾಗದು, ಅವನು ವರ್ಗವಾಗಿ ಹೋದ ಮೇಲೂ ಉಳಿಯುವ ಅಧಿಕಾರದಿಂದ ಅಳೆಯಬೇಕು. ಒಳ್ಳೆಯ ವ್ಯವಸ್ಥಾಪಕನಿದ್ದಾಗ ಚೀಟಿ ಬೇಗ ಸಿಗುತ್ತಿತ್ತು, ಕೆಟ್ಟವನಿದ್ದಾಗ ಸಿಗುತ್ತಿರಲಿಲ್ಲ. ಚೀಟಿ ಕೇಳಬೇಕಾದ ಸ್ಥಿತಿ ಮಾತ್ರ ಇಬ್ಬರ ಕಾಲದಲ್ಲೂ ಒಂದೇ ಆಗಿತ್ತು. ಶಾಲೆ ಕಟ್ಟಲು ಬೆರಳಚ್ಚು ಬೇಕಿರಲಿಲ್ಲ. ಕೂಲಿ ಕೊಡಲು ಹಾಜರಿ ಬೇಕಿರಲಿಲ್ಲ. ಇವೆರಡನ್ನೂ ಕೂಡಿಸಿದ್ದು ಸರಕಾರದ ಆಯ್ಕೆ, ಆ ಆಯ್ಕೆಗೆ ಸರಕಾರವೇ ಹೊಣೆ. ಸೆಟ್ಲಮೆಂಟಿನಿಂದ ಜನ ಪಡೆದ ಒಳಿತಿನ ಶ್ರೇಯಸ್ಸು ಬಹುಪಾಲು ಸಲ್ಲಬೇಕಾದದ್ದು ಕಾವಲಿನೊಳಗೂ ಮಕ್ಕಳನ್ನು ಓದಿಸಿದ, ಗಿರಣಿಯ ದುಡಿಮೆಯಲ್ಲಿ ಉಳಿಸಿದ, ಕಲಿತದ್ದನ್ನು ಹಕ್ಕು ಕೇಳುವುದಕ್ಕೆ ಬಳಸಿದ ತಾಯಿತಂದೆಯರಿಗೆ.

ಈ ಇಲಾಖೆಯ ಚರಿತ್ರೆಯ ಮಹತ್ವದ ತಿರುವು 1928ರಿಂದ 1930ರ ನಡುವಿನದು. ಮುಂಬಯಿ ಸರಕಾರ ಅಸ್ಪೃಶ್ಯರ, ಆದಿವಾಸಿಗಳ ಸ್ಥಿತಿಗತಿ ಅರಿಯಲು 1928ರಲ್ಲಿ ಒಂದು ಸಮಿತಿ ನೇಮಿಸಿ ಸ್ಟಾರ್ಟರನ್ನೇ ಅದರ ಅಧ್ಯಕ್ಷರನ್ನಾಗಿಸಿತು. ಡಾ. ಬಿ.ಆರ್. ಅಂಬೇಡ್ಕರ್, ಡಾ. ಪಿ.ಜಿ. ಸೋಳಂಕಿ, ಎ.ವಿ. ಠಕ್ಕರ್ ಅದರ ಸದಸ್ಯರಲ್ಲಿದ್ದರು. 1930ರಲ್ಲಿ ಬಂದ ವರದಿ ಹಿಂದುಳಿದ ವರ್ಗಗಳನ್ನು ದಲಿತ ವರ್ಗ, ಆದಿವಾಸಿ ಹಾಗೂ ಗುಡ್ಡಗಾಡು ಬುಡಕಟ್ಟು, ಇತರ ಹಿಂದುಳಿದ ವರ್ಗ ಎಂದು ಮೂರಾಗಿ ವಿಂಗಡಿಸಿತು. ಇಂದು ನಿತ್ಯ ಬಳಕೆಯಲ್ಲಿರುವ ಈ ವಿಂಗಡಣೆಯ ಒಂದು ಮುಖ್ಯ ಆಕರ ಅದು. ವರದಿಯ ಬೆನ್ನಿಗೇ ಮುಂಬಯಿಯಲ್ಲಿ ಹಿಂದುಳಿದ ವರ್ಗಗಳ ಅಧಿಕಾರಿ ಎಂಬ ಹುದ್ದೆ ಹುಟ್ಟಿತು. ಸೆಟ್ಲಮೆಂಟ್ ನಡೆಸುತ್ತಿದ್ದ ಸ್ಟಾರ್ಟರೇ ಅದಕ್ಕೂ ಮೊದಲಿಗರಾದರು. ವಿದ್ಯಾರ್ಥಿವೇತನ, ವಸತಿನಿಲಯ, ಜಮೀನು, ಕುಡಿಯುವ ನೀರು ಎಂಬ ಹೊಸ ಹೊಣೆಗಳು ಹಾಜರಿ, ಚೀಟಿ, ಬಿಡುಗಡೆ ಎಂಬ ಹಳೆಯ ಹೊಣೆಗಳ ಪಕ್ಕದಲ್ಲೇ ಬಂದು ಕೂತವು. ಅಂಬೇಡ್ಕರರಂಥವರು ಒಳಗೆ ತಂದದ್ದು ಹಕ್ಕಿನ ಭಾಷೆಯನ್ನು. ಕಚೇರಿಗೆ ರೂಢಿಯಾಗಿದ್ದದ್ದು ಅನುಮಾನದ ಭಾಷೆ. ಪಟ್ಟಿ ಮಾಡುವುದು, ವಿಂಗಡಿಸುವುದು, ಪ್ರಮಾಣಪತ್ರ ಕೇಳುವುದು, ಸ್ಥಳ ತನಿಖೆ ನಡೆಸುವುದು, ಫಲಾನುಭವಿಯ ನಡತೆ ಗಮನಿಸುವುದು ಎಂಬ ಕಲ್ಯಾಣ ಆಡಳಿತದ ಪದ್ಧತಿಗಳಲ್ಲಿ ಹಲವು ನಮ್ಮ ಭಾಗದ ಬಡವರಿಗೆ ಮೊದಲು ಪರಿಚಯವಾದದ್ದು ಈ ಕಾವಲಿನ ಕೈಯಿಂದ.

ಇದು ಮುಂಬಯಿ ಪ್ರಾಂತದ ವೈಚಿತ್ರ್ಯ ಮಾತ್ರವೇ ಎಂದು ತಿಳಿಯಲು ಅದೇ ಸಾಮ್ರಾಜ್ಯದ ಬೇರೊಂದು ಮೂಲೆಯನ್ನು ನೋಡಬೇಕು. ಆಫ್ರಿಕದ ದಕ್ಷಿಣ ರೊಡೇಷಿಯಾದಲ್ಲಿ, ಅಂದರೆ ಇಂದಿನ ಜಿಂಬಾಬ್ವೆಯಲ್ಲಿ, ಹಳ್ಳಿಗಳ ಕರಿಯರ ಬದುಕನ್ನು ನೋಡಿಕೊಳ್ಳಲು ಮೂಲನಿವಾಸಿಗಳ ವ್ಯವಹಾರಗಳ ಇಲಾಖೆ ಎಂಬುದೇ ಇತ್ತು. ಅದರ ಕಮಿಷನರರು ಗುಡಿಸಲು ತೆರಿಗೆ ಎತ್ತುತ್ತಿದ್ದರು, ಜಗಳ ಬಗೆಹರಿಸುತ್ತಿದ್ದರು, ಯಾರು ಎಲ್ಲಿರಬೇಕೆಂದೂ ನೋಡಿಕೊಳ್ಳುತ್ತಿದ್ದರು. 1930ರ ಭೂಹಂಚಿಕೆ ಕಾಯ್ದೆ ದೇಶವನ್ನು ಬಿಳಿಯರ ನೆಲ, ಕರಿಯರ ನೆಲ ಎಂದು ಸೀಳಿತು. ಕೃಷಿ ಸುಧಾರಣೆಯ ಹೆಸರಿನಲ್ಲಿ ಬಂದ 1951ರ ಇನ್ನೊಂದು ಕಾಯ್ದೆ ಯಾರಿಗೆಷ್ಟು ಹೊಲ, ಎಷ್ಟು ದನ ಎಂದು ಗೊತ್ತುಪಡಿಸಿತು. 1962ರಲ್ಲಿ ಆ ಇಲಾಖೆಯನ್ನು ತೆಗೆದು ಆಂತರಿಕ ವ್ಯವಹಾರಗಳ ಸಚಿವಾಲಯ ಎಂದು ಹೊಸ ಹೆಸರಿಟ್ಟರು, ಕಮಿಷನರರು ಜಿಲ್ಲಾ ಕಮಿಷನರರಾದರು. ಒಂದು ದಶಕ ಕಳೆದ ಮೇಲೆ, ಸ್ವಾತಂತ್ರ್ಯ ಯುದ್ಧ ಕಾವೇರಿದಾಗ, ಇದೇ ಸಚಿವಾಲಯ ಹಳ್ಳಿಗರನ್ನು ಬೇಲಿ ಹಾಕಿದ ಸಂರಕ್ಷಿತ ಗ್ರಾಮಗಳಿಗೆ ಸಾಗಿಸಿತು. ಅದೇ ಸಾಮ್ರಾಜ್ಯದ ಕೀನ್ಯಾದಲ್ಲೂ 1915ರ ಕಾನೂನಿನಡಿ ಆಫ್ರಿಕನ್ ಗಂಡಸರು ಬೆರಳಚ್ಚಿನ ನೋಂದಣಿ ಪತ್ರ ಹೊತ್ತು ತಿರುಗಬೇಕಾಯಿತು. ಗೋಕಾಕದ ಗಿರಣಿ ಕೂಲಿಗೂ ಆಫ್ರಿಕದ ಹಳ್ಳಿಗನಿಗೂ ಪರಸ್ಪರ ಪರಿಚಯವಿರಲಿಲ್ಲ. ಇಬ್ಬರ ಮೇಲಿದ್ದ ಆಡಳಿತದ ತರ್ಕ ಒಂದೇ. ನಿಮ್ಮ ಹಿತಕ್ಕಾಗಿಯೇ ನಿಮ್ಮನ್ನು ಇಲ್ಲಿ ಇರಿಸಿದ್ದೇವೆ ಎಂದು ಅದು ಹೇಳುತ್ತಿತ್ತು, ಹೊರಡುವ ನಿರ್ಧಾರವನ್ನು ಮಾತ್ರ ತನ್ನ ಬಳಿಯೇ ಇಟ್ಟುಕೊಳ್ಳುತ್ತಿತ್ತು. ಹೆಸರು ಬದಲಾದ ಮಾತ್ರಕ್ಕೆ ಅಧಿಕಾರ ಬದಲಾಗುವುದಿಲ್ಲ ಎಂಬುದಕ್ಕೆ ರೊಡೇಷಿಯಾಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ನಮ್ಮಲ್ಲಿಯೂ ಹೆಸರುಗಳು ಬದಲಾದವು. ಜವಾಹರಲಾಲ ನೆಹರೂ 1936ರಲ್ಲಿ ನೆಲ್ಲೂರಿನಲ್ಲಿ ಈ ಕಾಯ್ದೆಯನ್ನು ನಾಗರಿಕ ಸ್ವಾತಂತ್ರ್ಯದ ನಿರಾಕರಣೆ ಎಂದು ಖಂಡಿಸಿದರು. 1937ರಲ್ಲಿ ಅಧಿಕಾರಕ್ಕೆ ಬಂದ ಮುಂಬಯಿಯ ಕಾಂಗ್ರೆಸ್ ಸರಕಾರ ಗೃಹಸಚಿವ ಕೆ.ಎಂ. ಮುನ್ಶಿಯವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ನೇಮಿಸಿತು. ಮುಂಬಯಿಯಲ್ಲಿ ಕಾಯ್ದೆ ರದ್ದಾದದ್ದು 1949ರಲ್ಲಿ, ಇಡೀ ದೇಶದಲ್ಲಿ 1952ರ ಆಗಸ್ಟ್ 31ರಂದು. ಈ ಕಾಯ್ದೆಯನ್ನು ಪರಿಶೀಲಿಸಿದ ಅನಂತಶಯನಂ ಅಯ್ಯಂಗಾರ್ ಸಮಿತಿಯ ಲೆಕ್ಕದಂತೆ 20 ಲಕ್ಷಕ್ಕೂ ಹೆಚ್ಚು ಜನ ಅದರ ನೆರಳಿನಲ್ಲಿದ್ದರು. ಆಗಸ್ಟ್ 31ನ್ನು ಇಂದು ವಿಮುಕ್ತ ದಿನವೆಂದು ಆಚರಿಸಲಾಗುತ್ತದೆ. ಆದರೆ ಆ ಬಿಡುಗಡೆಗೆ ಮುಂಚೆಯೇ ಇನ್ನೊಂದು ಕಟ್ಟುಪಾಡು ಸಿದ್ಧವಾಗಿತ್ತು. ಮುಂಬಯಿ 1947ರಲ್ಲಿಯೇ ರೂಢಿಗತ ಅಪರಾಧಿಗಳ ನಿರ್ಬಂಧ ಕಾಯ್ದೆ ತಂದಿತ್ತು. ಮೈಸೂರು ರಾಜ್ಯ 1961ರಲ್ಲಿ ತನ್ನದೇ ಕಾಯ್ದೆ ಮಾಡಿತು. ಕಾಗದದ ಮೇಲೆ ಇದು ದೊಡ್ಡ ಮುನ್ನಡೆ. ಸಮುದಾಯದ ಬದಲು ವ್ಯಕ್ತಿ, ಹುಟ್ಟಿನ ಬದಲು ಸಾಬೀತಾದ ಅಪರಾಧ ಇಲ್ಲಿ ಆಧಾರವಾಯಿತು. ಆ ಮುನ್ನಡೆಯನ್ನು ಅಲ್ಲಗಳೆಯಬಾರದು. ಆದರೆ ಹಳೆಯ ಪಟ್ಟಿಗಳನ್ನು ತಲೆಯಲ್ಲಿ ಹೊತ್ತ ಠಾಣೆಗಳ ಕೈಗೆ ಹೊಸ ಕಾಯ್ದೆ ಬಂದಾಗ ಅನುಮಾನ ಯಾರ ಕಡೆಗೆ ಹರಿಯಿತೆಂದು ಊಹಿಸುವುದು ಕಷ್ಟವಲ್ಲ. 1956ರ ನವೆಂಬರ್ 1ರಂದು ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಇದೇ ಜನರ ನಡುವೆ ಹೊಸ ಗಡಿಯೂ ಬಿತ್ತು. ಹುಕ್ಕೇರಿಯ ಬೇಡರು ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರು. ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಅದೇ ಬೇರಡರು ವಿಮುಕ್ತ ಜಾತಿಯವರು. ಲಂಬಾಣಿಗರು ಇತ್ತ ಪರಿಶಿಷ್ಟ ಜಾತಿ, ಅತ್ತ ವಿಮುಕ್ತ ಜಾತಿ. ಗಡಿಯ ಎರಡೂ ಕಡೆ ನೆಂಟಸ್ತನವಿರುವ ಕುಟುಂಬಗಳಿಗೆ ಒಂದೇ ರಕ್ತಕ್ಕೆ ಎರಡು ಪ್ರಮಾಣಪತ್ರ.

ಇಷ್ಟಾದ ಮೇಲೂ ಮೂರನೆಯ ಆಕ್ಷೇಪ ಉಳಿದಿರುತ್ತದೆ. ಕಾಯ್ದೆ ಸತ್ತು ಏಳು ದಶಕ ದಾಟಿವೆ, ಹಳೆಯ ಗಾಯ ಕೆದಕಿದರೆ ಆ ಸಮುದಾಯಗಳಿಗೇ ಮುಜುಗರ, ಸ್ಮರಣ ಸಂಚಿಕೆಯಲ್ಲಿ ಇದೇಕೆ ಎನ್ನುವವರಿಗೆ ಎರಡು ಉತ್ತರಗಳಿವೆ. ಮೊದಲನೆಯದು, ಈ ಗಾಯವನ್ನು ಎಲ್ಲರಿಗಿಂತ ಮೊದಲು ಬಯಲಿಗಿಟ್ಟವರು ಆ ಸಮುದಾಯಗಳವರೇ. ಬೆಳಗಾವಿ ಬಳಿಯ ಯಮನಾಪುರದ ಭೀಮರಾವ ಗಸ್ತಿ 1980ರ ದಶಕದಲ್ಲಿ ಮರಾಠಿಯಲ್ಲಿ ಪ್ರಕಟಿಸಿದ ಆತ್ಮಕಥೆಗೆ ಬೇರಡ ಎಂದೇ ಹೆಸರಿಟ್ಟರು. ಅನುಮಾನದ ಮೇಲೆ ಹಿಡಿದೊಯ್ಯಲ್ಪಟ್ಟ ತಮ್ಮವರ ಪರವಾಗಿ, ದೇವದಾಸಿ ಹೆಣ್ಣುಮಕ್ಕಳ ಪರವಾಗಿ ಅವರು ಇದೇ ಗಡಿಸೀಮೆಯಲ್ಲಿ ದುಡಿದರು. ಮೈಸೂರು ರಾಜ್ಯದ ಹಿಂದುಳಿದ ವರ್ಗಗಳ ಮೊದಲ ಆಯೋಗದ ಅಧ್ಯಕ್ಷರಾಗಿ 1970ರ ದಶಕದಲ್ಲಿ ಮೀಸಲಾತಿಯ ದಿಕ್ಕನ್ನೇ ತಿದ್ದಿದ ಎಲ್.ಜಿ. ಹಾವನೂರರು ಬೇಡರೂ ಸೇರಿದ ನಾಯಕ ಸಮುದಾಯದವರು. ಇವರು ಯಾರೂ ಇತಿಹಾಸವನ್ನು ಮರೆಯಿರಿ ಎನ್ನಲಿಲ್ಲ. ಎರಡನೆಯ ಉತ್ತರ, ಕಾಯ್ದೆ ಸತ್ತರೂ ಅದರ ಅಭ್ಯಾಸ ಸತ್ತಿಲ್ಲ. 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟು, ಜಾತಿಯ ಮೇಲೆ ಕೆಲಸ ಹಂಚುತ್ತಿದ್ದ ಜೈಲು ನಿಯಮಗಳನ್ನು ಅಸಾಂವಿಧಾನಿಕವೆಂದು ಸಾರಿತು. ವಿಮುಕ್ತ ಬುಡಕಟ್ಟುಗಳವರನ್ನು ಹುಟ್ಟಿನಿಂದಲೇ ಅಪರಾಧಿಗಳೆಂಬಂತೆ ಕಾಣುವ ನಿಯಮಗಳನ್ನೂ ಅದು ಬಿಡಲಿಲ್ಲ. ಸಂವಿಧಾನ ಬಂದು ಮುಕ್ಕಾಲು ಶತಮಾನವಾಗುವ ಹೊತ್ತಿಗೂ ನಮ್ಮ ಜೈಲಿನ ಕೈಪಿಡಿಗಳಲ್ಲಿ 1871ರ ದೃಷ್ಟಿ ಅಚ್ಚಾಗಿಯೇ ಉಳಿದಿತ್ತು ಎಂದಾಯಿತು. ಇವರ ಸ್ಥಿತಿಗತಿ ಕುರಿತ ರೇಣಕೆ ಆಯೋಗ, ಇದಾತೆ ಆಯೋಗಗಳ ವರದಿಗಳು ಬಂದ ಮೇಲೂ ಅನೇಕ ಅಲೆಮಾರಿ, ವಿಮುಕ್ತ ಕುಟುಂಬಗಳು ಗುರುತಿನ ಕಾಗದಕ್ಕಾಗಿ, ನಿವೇಶನಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿವೆ. ಒಂದು ಕಾಲಕ್ಕೆ ಬೇಡವೆಂದರೂ ಬಿಡದೆ ಇವರ ಹೆಸರು ಬರೆದುಕೊಂಡ ಸರಕಾರ ಇದು. ಹಕ್ಕು ಕೇಳಿ ಬಂದಾಗ ನೀವು ಯಾರೆಂದು ರುಜುವಾತು ಮಾಡಿ ಎನ್ನುತ್ತಿದೆ.

ಹಾಗಾದರೆ ಈ ಇಲಾಖೆಯನ್ನು ಹೇಗೆ ಸ್ಮರಿಸಬೇಕು? ಸುಧಾರಣೆಯ ಕಥೆ ಎಂದು ಹೊಗಳಿದರೆ ಹಾಜರಿಯಲ್ಲಿ ನಿಂತವರಿಗೆ ಅನ್ಯಾಯ. ಬರೀ ಕ್ರೌರ್ಯದ ಕಥೆ ಎಂದು ಬದಿಗಿಟ್ಟರೆ ಇಂದಿನ ಕಚೇರಿಗಳು ತಮಗೂ ಇದಕ್ಕೂ ಸಂಬಂಧವಿಲ್ಲವೆಂದು ಕೈತೊಳೆದುಕೊಳ್ಳುತ್ತವೆ. ಸಂಬಂಧವಿದೆ ಎಂದು ಒಪ್ಪಿಕೊಳ್ಳುವುದೇ ನಿಜವಾದ ಸ್ಮರಣೆ. ಒಪ್ಪಿಕೊಂಡರೆ ಮಾಡಬೇಕಾದ ಕೆಲಸಗಳೂ ಸ್ಪಷ್ಟವಾಗಿವೆ. ಸೆಟ್ಲಮೆಂಟುಗಳ ಹಾಜರಿ ಪುಸ್ತಕ, ಬಿಡುಗಡೆ ಪತ್ರ, ಶಾಲೆಯ ದಾಖಲೆಗಳಲ್ಲಿ ಉಳಿದಿರುವಷ್ಟನ್ನು ಪತ್ರಾಗಾರಗಳಿಂದ ಹೊರತೆಗೆದು ಆಯಾ ಕುಟುಂಬಗಳಿಗೆ ನೋಡಲು ಕೊಡಬೇಕು. ಅಂದು ಅನುಮಾನಕ್ಕೆ ಬಳಸಿದ ಕಾಗದ ಇಂದು ಜಾತಿ ಪ್ರಮಾಣಪತ್ರಕ್ಕೆ, ನಿವೇಶನದ ಹಕ್ಕಿಗೆ ಸಾಕ್ಷಿಯಾಗಿ ಸಲ್ಲಬೇಕು. ಗಡಿಯ ಎರಡೂ ಕಡೆಯ ಒಂದೇ ಸಮುದಾಯಕ್ಕೆ ಸಿಗುವ ಸವಲತ್ತುಗಳ ನಡುವಿನ ಅಂತರವನ್ನು ಎರಡೂ ರಾಜ್ಯಗಳು ಕೂತು ಬಗೆಹರಿಸಬೇಕು. ಗಿರಣಿಯ, ಕಾಲುವೆಯ, ರೈಲ್ವೆಯ ಇತಿಹಾಸ ಬರೆಯುವವರು ಅವುಗಳನ್ನು ಕಟ್ಟಿದ ಕೈಗಳಲ್ಲಿ ಹಾಜರಿಯ ಕೈಗಳೂ ಇದ್ದವೆಂದು ಬರೆಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ವಸತಿನಿಲಯವಿರಲಿ, ಆಶ್ರಮಶಾಲೆಯಿರಲಿ, ಪುನರ್ವಸತಿ ಕಾಲೊನಿಯಿರಲಿ, ಬಡವರಿಗೆಂದು ಸರಕಾರ ಕಟ್ಟುವ ಪ್ರತಿಯೊಂದು ವ್ಯವಸ್ಥೆಗೂ ಸೆಟ್ಲಮೆಂಟಿನ ಚರಿತ್ರೆ ಕಲಿಸಿದ ಪ್ರಶ್ನೆಯನ್ನು ಒಡ್ಡಬೇಕು. ಇಲ್ಲಿರುವವರಿಗೆ ಇಲ್ಲಿಂದ ಹೋಗುವ ಹಕ್ಕಿದೆಯೇ, ಇದರ ನಿಯಮಗಳನ್ನು ಪ್ರಶ್ನಿಸುವ ಹಕ್ಕಿದೆಯೇ, ಪ್ರಶ್ನಿಸಿದರೆ ಸವಲತ್ತು ಕೈತಪ್ಪುತ್ತದೆಯೇ? ಈ ಮೂರಕ್ಕೂ ನೇರವಾದ ಉತ್ತರ ಕೊಡಬಲ್ಲ ಇಲಾಖೆ ಮಾತ್ರ ತನ್ನನ್ನು ಕಲ್ಯಾಣ ಇಲಾಖೆ ಎಂದು ಕರೆದುಕೊಳ್ಳಲಿ. ಉತ್ತರಿಸಲಾರದ ಇಲಾಖೆಗೆ ಎಂಥ ಹೊಸ ಹೆಸರಿಟ್ಟರೂ ಅದು ಹಳೆಯ ಕಾವಲನ್ನೇ ಮುಂದುವರಿಸುತ್ತಿದೆ ಎಂದು ಹೇಳುವ ಹೊಣೆ ಇತಿಹಾಸ ಬರೆಯುವವರದು.